ತಿನ್ನಲು ಸಿದ್ಧವಾದ ಮೀನು: ಅದನ್ನು ಆರಿಸುವ ಬಗೆ

ಮನುಷ್ಯನು ಆಹಾರವಾಗಿ ಬಳಸುವ ಪದಾರ್ಥಗಳಲ್ಲಿ ಮೀನಿನಷ್ಟು ಬೇಗ ಕೆಡುವಂಥವು ಬಹಳ ಕಡಮೆ. ಬೆಳಗ್ಗೆ ಬಲೆಯಿಂದ ಬಿಡಿಸಿದ ಬಂಗುಡೆಯನ್ನು ಹಾಗೆಯೇ ಹೊರಗೆ ಬಿಟ್ಟರೆ ಸಂಜೆಯ ಹೊತ್ತಿಗೆ ಅದರ ಬಳಿ ನಿಲ್ಲುವುದೇ ಕಷ್ಟವಾಗುವುದು. ಆದರೆ ಇಂದು ನಗರದ ದೊಡ್ಡದೊಂದು ಸೂಪರ್ ಮಾರ್ಕೆಟ್ಟನ್ನು ಹೊಕ್ಕು ನೋಡಿದರೆ, ಅದೇ ಬಗೆಯ ಮೀನು ತಗಡಿನ ಡಬ್ಬಿಯಲ್ಲಿ ಅಡಕವಾಗಿ, ಎರಡು ಮೂರು ವರ್ಷಗಳವರೆಗೆ ಕೆಡುವುದಿಲ್ಲವೆಂಬ ಭರವಸೆಯೊಡನೆ, ಬಿಸ್ಕತ್ತಿನ ಪೊಟ್ಟಣಗಳ ಪಕ್ಕದಲ್ಲಿಯೇ ಕುಳಿತಿರುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ಮುಂದಿರುವ ತಂಪು ಪೆಟ್ಟಿಗೆಯಲ್ಲಿ ಹೊಗೆಯಾಡಿಸಿದ ಸಾಲ್ಮನ್ ಮೀನಿನ ತೆಳುವಾದ ಹೋಳುಗಳಿವೆ. ಮತ್ತೊಂದು ಹಲಗೆಯ ಮೇಲೆ ಮೀನಿನ ಉಪ್ಪಿನಕಾಯಿಯ ಸೀಸೆ. ಅದರ ಮಗ್ಗುಲಲ್ಲಿ ಮೀನುಸಾರು ತುಂಬಿದ ಚಪ್ಪಟೆಯಾದ ಚೀಲ. ಇವೆಲ್ಲವೂ ಬಿಚ್ಚಿದೊಡನೆ ತಿನ್ನಬಹುದಾದುವು. ಊರು ಬಿಟ್ಟು ಬಂದು ಬಾಡಿಗೆಯ ಕೋಣೆಯಲ್ಲಿದ್ದುಕೊಂಡು ಓದುವ ವಿದ್ಯಾರ್ಥಿಗೆ, ಒಲೆ ಹಚ್ಚುವ ತೊಂದರೆಯಿಲ್ಲದೆ ಒಳ್ಳೆಯ ಸಸಾರಜನಕ ಆಹಾರ ದೊರೆಯುವ ದಾರಿಯಿದು.

ಆದರೆ ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು? ಯಾವುದನ್ನು ಹೇಗೆ ಇಟ್ಟುಕೊಳ್ಳಬೇಕು? ಬೆಲೆಯೂ ಬಣ್ಣದ ಚಿತ್ರವೂ ಈ ಪ್ರಶ್ನೆಗಳಿಗೆ ಉತ್ತರ ಹೇಳಲಾರವು. ಇಂಥ ಯಾವುದೇ ಪೊಟ್ಟಣವನ್ನು ಕೈಗೆತ್ತಿಕೊಂಡಾಗಲೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸಹಜವಾಗಿ ಒಂದು ದಿನದಲ್ಲಿ ಕೆಡಬೇಕಾಗಿದ್ದ ಈ ಮೀನನ್ನು ಕೆಡದಂತೆ ಕಾಯುತ್ತಿರುವುದು ಯಾವುದು? ಈ ಪ್ರಶ್ನೆಗೆ ಉತ್ತರ ತಿಳಿದರೆ, ಉಳಿದ ಪ್ರಶ್ನೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಗೆಹರಿಯುವುವು.

ಮೀನು ಏಕೆ ಬೇಗ ಕೆಡುವುದು?

ಕುರಿ, ಕೋಳಿ ಮೊದಲಾದ ಪ್ರಾಣಿಗಳದು ಬಿಸಿರಕ್ತದ ದೇಹ. ಅವುಗಳ ಮೈಯಲ್ಲಿರುವ ಸೂಕ್ಷ್ಮಜೀವಿಗಳೂ ಕಿಣ್ವಗಳೂ ಸುಮಾರು ೪೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದಿಕೊಂಡಿರುವುವು. ಆ ಮಾಂಸವನ್ನು ತಂಪಾದ ಕಡೆ ಇಟ್ಟರೆ ಅವುಗಳ ಕೆಲಸ ಬಹಳ ನಿಧಾನವಾಗುವುದು. ಮೀನಾದರೋ ತಣ್ಣನೆಯ ನೀರಿನಲ್ಲಿಯೇ ಬಾಳುವ ಪ್ರಾಣಿ. ಅದರ ಚರ್ಮ, ಕಿವಿರು, ಕರುಳುಗಳಲ್ಲಿರುವ ಸೂಕ್ಷ್ಮಜೀವಿಗಳು ತಂಪಿನಲ್ಲಿಯೂ ಚುರುಕಾಗಿ ಬೆಳೆಯಬಲ್ಲವು. ಸಮುದ್ರದ ಮೀನಿನ ಮಾಂಸದಲ್ಲಿರುವ ಒಂದು ಸಾರಜನಕ ಸಂಯುಕ್ತವನ್ನು ಅವು ಒಡೆದಾಗ ಟ್ರೈಮಿಥೈಲಮೀನ್ ಎಂಬ ಅನಿಲ ಹುಟ್ಟುವುದು. ಹಳಸಿದ ಮೀನಿನ ವಾಸನೆ ಮುಖ್ಯವಾಗಿ ಇದರದೇ. ಇದಲ್ಲದೆ ಮೀನಿನ ಕೊಬ್ಬು ಗಾಳಿಯ ಆಮ್ಲಜನಕದೊಡನೆ ಸುಲಭವಾಗಿ ಸೇರಿ ಕಮಟುವುದು.

ಸೂಕ್ಷ್ಮಜೀವಿಗಳು ಹೆಚ್ಚುವ ರೀತಿಯನ್ನು ಲೆಕ್ಕ ಹಾಕಿ ನೋಡಿದರೆ ಇದರ ಗಂಭೀರತೆ ತಿಳಿಯುವುದು. ನಮ್ಮ ಬೇಸಗೆಯ ಸೆಕೆಯಲ್ಲಿ ಒಂದು ಬ್ಯಾಕ್ಟೀರಿಯ ೨೦ ನಿಮಿಷಕ್ಕೊಮ್ಮೆ ಎರಡಾಗುವುದೆಂದು ಭಾವಿಸೋಣ. ಒಂದು ಗಂಟೆಯಲ್ಲಿ ಒಂದು ಎಂಟಾಗುವುದು; ಮೂರು ಗಂಟೆಗಳಲ್ಲಿ ೫೧೨ ಆಗುವುದು; ಆರು ಗಂಟೆಗಳಲ್ಲಿ ಎರಡೂವರೆ ಲಕ್ಷವನ್ನು ಮೀರುವುದು. ಈ ಓಟವನ್ನು ತಡೆಯಲು ಮನುಷ್ಯನು ಕಂಡುಕೊಂಡಿರುವ ಉಪಾಯಗಳು ಹಲವಾದರೂ ಅವೆಲ್ಲವನ್ನೂ ನಾಲ್ಕು ಬಗೆಗಳಲ್ಲಿ ಅಡಕಿಸಬಹುದು: ಶಾಖ, ತಂಪು, ನೀರಿನ ಅಭಾವ ಮತ್ತು ಹುಳಿ. ಸೂಪರ್ ಮಾರ್ಕೆಟ್ಟಿನಲ್ಲಿರುವ ಪ್ರತಿಯೊಂದು ಸಿದ್ಧ ಮೀನನ್ನೂ ಇವುಗಳಲ್ಲಿ ಒಂದೋ ಎರಡೋ ಕಾಯುತ್ತಿರುವುವು.

ಶಾಖದ ಕಾವಲು

ಡಬ್ಬಿಯ ಮೀನನ್ನು ಕಾಯುತ್ತಿರುವುದು ಶಾಖ. ಈ ವಿದ್ಯೆಯ ಮೂಲಪುರುಷನು ಫ್ರಾನ್ಸಿನ ಮಿಠಾಯಿಗಾರನಾದ ನಿಕೊಲಾ ಅಪ್ಪೇರ್. ಆಹಾರವನ್ನು ಗಾಜಿನ ಸೀಸೆಗಳಲ್ಲಿ ತುಂಬಿ, ಭದ್ರವಾಗಿ ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿ ಬಹಳ ಹೊತ್ತು ಇಟ್ಟರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲವೆಂದು ಅವನು ತೋರಿಸಿದನು. ಇದಕ್ಕಾಗಿ ೧೮೧೦ರಲ್ಲಿ ಫ್ರೆಂಚ್ ಸರಕಾರದಿಂದ ಅವನಿಗೆ ೧೨,೦೦೦ ಫ್ರಾಂಕುಗಳ ಬಹುಮಾನ ದೊರೆಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ಎಂಬಾತನು ಗಾಜಿಗೆ ಬದಲಾಗಿ ತವರ ಬಳಿದ ಕಬ್ಬಿಣದ ಡಬ್ಬಿಯನ್ನು ಬಳಸುವ ಹಕ್ಕುಪತ್ರವನ್ನು ಪಡೆದನು.

ಆಹಾರ ಏಕೆ ಕೆಡಲಿಲ್ಲವೆಂಬುದು ಅಪ್ಪೇರನಿಗೆ ತಿಳಿದಿರಲಿಲ್ಲ. ಅನಿಲಗಳ ನಿಯಮದಿಂದ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನಾಗಿರುವ ಗೇ-ಲುಸ್ಸಾಕನು ಆ ಸೀಸೆಗಳನ್ನು ಪರೀಕ್ಷಿಸಿ, ಅವುಗಳೊಳಗೆ ಆಮ್ಲಜನಕವಿಲ್ಲದಿರುವುದೇ ಕಾರಣವೆಂದು ತೀರ್ಮಾನಿಸಿದನು. ಆಹಾರವನ್ನು ಕೆಡಿಸುವುವು ಸೂಕ್ಷ್ಮಜೀವಿಗಳು, ಅವನ್ನು ಕೊಲ್ಲುವುದು ಶಾಖ ಎಂಬುದು ಲೂಯಿ ಪಾಶ್ಚರನ ಸಂಶೋಧನೆಗಳಿಂದ ೧೮೬೦ರ ಅನಂತರವಷ್ಟೇ ಸ್ಪಷ್ಟವಾಯಿತು. ಗೇ-ಲುಸ್ಸಾಕನ ತೀರ್ಮಾನ ತಪ್ಪಾದುದು ಮಾತ್ರವಲ್ಲ. ಸತ್ಯ ಒಂದು ವಿಧದಲ್ಲಿ ಅದಕ್ಕೆ ವಿರುದ್ಧವಾಗಿಯೇ ಇತ್ತು. ಏಕೆಂದರೆ ಡಬ್ಬಿಯ ಆಹಾರದ ಪರಮ ಶತ್ರುವಾದ ಬ್ಯಾಕ್ಟೀರಿಯ ಆಮ್ಲಜನಕವಿಲ್ಲದ ಕಡೆಯಲ್ಲಿಯೇ ಬೆಳೆಯುವಂಥದು. ಅದರ ಹೆಸರು ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ. ಅದು ಹೊರಹಾಕುವ ವಿಷ ನರಗಳನ್ನು ನಿಶ್ಚೇಷ್ಟಗೊಳಿಸಿ, ಕೊನೆಗೆ ಉಸಿರಾಟವನ್ನೇ ನಿಲ್ಲಿಸಬಲ್ಲುದು. ನಮಗೆ ತಿಳಿದಿರುವ ವಿಷಗಳಲ್ಲಿ ಅದರಷ್ಟು ಉಗ್ರವಾದುವು ವಿರಳ.

ಈ ಜೀವಿಗೆ ಇನ್ನೊಂದು ಬಲವುಂಟು. ಪರಿಸ್ಥಿತಿ ಪ್ರತಿಕೂಲವಾದಾಗ ಇದು ಗಟ್ಟಿಯಾದ ಕವಚದೊಳಗೆ ಅಡಗಿ ಬೀಜಾಣುವಿನ ರೂಪ ತಾಳುವುದು. ೧೦೦ ಡಿಗ್ರಿಯಲ್ಲಿ ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಇಟ್ಟರೂ ಬೀಜಾಣುಗಳಲ್ಲಿ ಕೆಲವು ಸಾಯದೆ ಉಳಿಯುವುವು. ಹಾಗಾದರೆ ಇವನ್ನು ಗೆಲ್ಲುವುದು ಹೇಗೆ? ಇಲ್ಲಿ ಭೌತಶಾಸ್ತ್ರದ ಸಹಾಯ ಬೇಕಾಗುವುದು. ನೀರಿನ ಮೇಲಿನ ಒತ್ತಡ ಹೆಚ್ಚಿದಂತೆ ಅದರ ಕುದಿಬಿಂದು ಮೇಲೇರುವುದೆಂದು ನಾವು ಓದಿದ್ದೇವೆ. ಒತ್ತಡವನ್ನು ವಾಯುಮಂಡಲದ ಒತ್ತಡದ ಎರಡರಷ್ಟು ಮಾಡಿದರೆ ನೀರು ಸುಮಾರು ೧೨೧ ಡಿಗ್ರಿಯಲ್ಲಿ ಕುದಿಯುವುದು. ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನ ತತ್ತ್ವವೂ ಇದೇ. ಕಾರ್ಖಾನೆಯಲ್ಲಿ ಮುಚ್ಚಿದ ಡಬ್ಬಿಗಳನ್ನು ರಿಟಾರ್ಟ್ ಎಂಬ ಭಾರಿ ಕುಕ್ಕರಿನಲ್ಲಿಟ್ಟು ಆವಿ ಹಾಯಿಸುವರು.

ಬೀಜಾಣುಗಳ ಸಾವು ವಿಕಿರಣ ಧಾತುಗಳ ಕ್ಷಯವನ್ನು ಹೋಲುವುದು. ೧೨೧ ಡಿಗ್ರಿಯಲ್ಲಿ ನಿಮಿಷದ ಐದನೆಯ ಒಂದು ಭಾಗ ಕಳೆಯುವಷ್ಟರಲ್ಲಿ ಅವುಗಳ ಸಂಖ್ಯೆ ಹತ್ತನೆಯ ಒಂದು ಭಾಗಕ್ಕೆ ಇಳಿಯುವುದು. ಮತ್ತೆ ಅಷ್ಟೇ ಹೊತ್ತಿನಲ್ಲಿ ಉಳಿದುದರ ಹತ್ತನೆಯ ಒಂದು ಭಾಗವಾಗುವುದು. ಈ ಇಳಿತ ಹನ್ನೆರಡು ಬಾರಿ ನಡೆಯಬೇಕೆಂಬುದು ಡಬ್ಬಿ ಉದ್ಯಮದಲ್ಲಿ ರೂಢಿಗೆ ಬಂದಿರುವ ನಿಯಮ. ಅಂದರೆ ಒಂದು ಲಕ್ಷ ಕೋಟಿ ಬೀಜಾಣುಗಳಿದ್ದರೆ ಒಂದು ಉಳಿಯಬಹುದು. ಇದಕ್ಕೆ ಬೇಕಾದ ಕಾಲ ಸುಮಾರು ೨.೫ ನಿಮಿಷ, ಮೂರು ನಿಮಿಷವೆಂದು ಹಿಡಿಯುವುದು ವಾಡಿಕೆ. ಉಷ್ಣತೆ ೧೦ ಡಿಗ್ರಿ ಇಳಿದರೆ ಬೇಕಾಗುವ ಕಾಲ ಹತ್ತರಷ್ಟಾಗುವುದು. ೧೧೧ ಡಿಗ್ರಿಯಲ್ಲಿ ೩೦ ನಿಮಿಷ. ೧೦೧ ಡಿಗ್ರಿಯಲ್ಲಿ ೩೦೦ ನಿಮಿಷ, ಎಂದರೆ ಐದು ಗಂಟೆ. ಬರಿಯ ಕುದಿನೀರು ಏಕೆ ಸಾಲದೆಂಬುದು ಈ ಲೆಕ್ಕದಿಂದ ಗೊತ್ತಾಗುವುದು.

ಇಲ್ಲಿ ಹೇಳಿದ ಮೂರು ನಿಮಿಷ ಡಬ್ಬಿಯ ಹೊರಮೈಗೆ ಅನ್ವಯಿಸುವುದಲ್ಲ. ಎಲ್ಲಕ್ಕಿಂತ ಕೊನೆಗೆ ಬಿಸಿಯಾಗುವ ನಟ್ಟನಡುವಿನ ಬಿಂದುವಿಗೆ. ಒತ್ತಾಗಿ ತುಂಬಿದ ಮೀನಿನೊಳಗೆ ಶಾಖ ವಹನದಿಂದಲೇ ಸಾಗಬೇಕು. ವಹನಕ್ಕೆ ಬೇಕಾಗುವ ಕಾಲ ದಪ್ಪದ ವರ್ಗವನ್ನು ಅನುಸರಿಸುವುದು: ದಪ್ಪ ಅರ್ಧವಾದರೆ ಕಾಲ ನಾಲ್ಕನೆಯ ಒಂದು ಭಾಗವಾಗುವುದು. ಮೀನುಸಾರನ್ನು ತುಂಬುವ ರಿಟಾರ್ಟ್ ಚೀಲಗಳನ್ನು ಚಪ್ಪಟೆಯಾಗಿ ಮಾಡಿರುವುದರ ಗುಟ್ಟು ಇದೇ. ನಡುಭಾಗ ಬೇಗ ಕಾಯುವುದರಿಂದ ಹೊರಭಾಗ ವಿಪರೀತ ಬೆಂದು ರುಚಿಗೆಡುವುದಿಲ್ಲ. ನಮ್ಮ ದೇಶದಲ್ಲಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗಾಗಿ ಇಂಥ ಚೀಲದ ಆಹಾರಗಳನ್ನು ರೂಪಿಸಿದೆ; ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮೀನುಸಾರನ್ನು ಚೀಲದಲ್ಲಿ ಕಾಪಿಡುವ ಕ್ರಮವನ್ನು ಸಿದ್ಧಪಡಿಸಿದೆ. ಇವು ಮೆತ್ತಗಿದ್ದರೂ ಡಬ್ಬಿಯ ಜಾತಿಗೇ ಸೇರಿದುವು. ಬಿಚ್ಚುವವರೆಗೆ ತಂಪಿನ ಆವಶ್ಯಕತೆ ಇವುಗಳಿಗಿಲ್ಲ.

ಡಬ್ಬಿಯನ್ನು ಪರೀಕ್ಷಿಸುವ ಕ್ರಮ

ಡಬ್ಬಿಯ ಮುಚ್ಚಳವನ್ನು ಬಿಗಿಯುವಾಗ ಒಳಗಿನ ಗಾಳಿಯನ್ನು ಆವಿಯಿಂದಲೋ ಬೇರೆ ಬಗೆಯಿಂದಲೋ ಹೊರಗಟ್ಟುವರು. ಡಬ್ಬಿ ತಣಿದಾಗ ಆವಿ ನೀರಾಗಿ ಒಳಗಿನ ಒತ್ತಡ ಕುಸಿಯುವುದು. ಹೊರಗಿನ ವಾಯುಮಂಡಲ ಮುಚ್ಚಳವನ್ನು ಒಳಕ್ಕೆ ತಳ್ಳುವುದು. ಏಳು ಸೆಂಟಿಮೀಟರ್ ಅಡ್ಡಳತೆಯ ಮುಚ್ಚಳದ ವಿಸ್ತೀರ್ಣ ಸುಮಾರು ೩೮ ಚದರ ಸೆಂಟಿಮೀಟರ್. ಒಳಗಿನ ಒತ್ತಡ ಹೊರಗಿನದಕ್ಕಿಂತ ಮೂರನೆಯ ಒಂದು ಭಾಗದಷ್ಟು ಕಡಮೆಯಿದ್ದರೂ, ಆ ಮುಚ್ಚಳದ ಮೇಲೆ ಸುಮಾರು ೧೩ ಕಿಲೋಗ್ರಾಂ ತೂಕವನ್ನು ಹೇರಿದಂತಾಗುವುದು. ಆದುದರಿಂದ ಒಳ್ಳೆಯ ಡಬ್ಬಿಯ ಮುಚ್ಚಳ ಕೊಂಚ ಒಳಬಾಗಿರಬೇಕು, ಇಲ್ಲವೆ ಸಮತಟ್ಟಾಗಿರಬೇಕು. ಅದು ಹೊರಕ್ಕೆ ಉಬ್ಬಿದ್ದರೆ ಒಳಗೆ ಅನಿಲ ಹುಟ್ಟಿದೆ ಎಂದರ್ಥ; ಅನಿಲ ಹುಟ್ಟಿದ್ದರೆ ಒಳಗೆ ಯಾವುದೋ ಜೀವಿ ಬದುಕಿ ಕೆಲಸ ಮಾಡುತ್ತಿರುವ ಸಂಭವ ಹೆಚ್ಚು. ಇಂಥ ಡಬ್ಬಿಯನ್ನು ಬಿಚ್ಚಿ ಮೂಸಿ ನೋಡುವುದೂ ರುಚಿ ನೋಡುವುದೂ ಸಲ್ಲದು. ಬಾಟ್ಯುಲಿನಂ ವಿಷಕ್ಕೆ ವಾಸನೆಯಿಲ್ಲ, ರುಚಿಯೂ ಇಲ್ಲ.

ಉಬ್ಬಿಲ್ಲದ ಡಬ್ಬಿಗಳೆಲ್ಲ ನಿರ್ದೋಷವೆಂದು ಇದರಿಂದ ತಿಳಿಯಬಾರದು. ೧೯೭೮ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಒಂದೇ ಡಬ್ಬಿಯ ಸಾಲ್ಮನ್ ಮೀನನ್ನು ಹಂಚಿಕೊಂಡು ತಿಂದ ನಾಲ್ವರು ವೃದ್ಧರು ಈ ವಿಷಕ್ಕೆ ತುತ್ತಾದರು. ಅವರಲ್ಲಿ ಇಬ್ಬರು ತೀರಿಕೊಂಡರು. ತನಿಖೆಯಲ್ಲಿ ಆ ಡಬ್ಬಿಗೆ ಸಣ್ಣದೊಂದು ರಂಧ್ರವಿದ್ದುದು ಕಂಡುಬಂದಿತು. ಶಾಖ ತನ್ನ ಕೆಲಸವನ್ನು ಮಾಡಿ ಮುಗಿಸಿದ ಮೇಲೆ, ಡಬ್ಬಿ ತಣಿಯುವ ಸಮಯದಲ್ಲಿ, ಆ ರಂಧ್ರದಿಂದ ಬೀಜಾಣುಗಳು ಒಳಹೊಕ್ಕಿದ್ದುವು. ಮುಚ್ಚಳವನ್ನು ಒಳಕ್ಕೆ ತಳ್ಳುವ ಅದೇ ವಾಯುಮಂಡಲ, ಸಂದು ಸಿಕ್ಕರೆ ಹೊರಗಿನ ಕೊಳೆಯನ್ನೂ ಒಳಕ್ಕೆ ನೂಕಬಲ್ಲುದು. ಆದುದರಿಂದ ಅಂಚಿನ ಬೆಸುಗೆಯ ಮೇಲೆ ಜಜ್ಜಿದ ಡಬ್ಬಿ, ಆಳವಾಗಿ ತುಕ್ಕು ತಿಂದ ಡಬ್ಬಿ, ಜಿನುಗಿ ಅಂಟಂಟಾಗಿರುವ ಡಬ್ಬಿ, ಇವನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬಾರದು.

ಶಾಖಕ್ಕೂ ಒಂದು ಮಿತಿಯುಂಟೆಂಬುದನ್ನು ಮರೆಯಬಾರದು. ಟ್ಯೂನ, ಬಂಗುಡೆ, ಸಾರ್ಡೀನ್ ಮೀನುಗಳನ್ನು ಹಿಡಿದ ಮೇಲೆ ಬೇಗ ಮಂಜುಗಡ್ಡೆಯಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಗಳು ಅವುಗಳ ಮಾಂಸದಲ್ಲಿ ಹಿಸ್ಟಮೀನ್ ಎಂಬ ವಸ್ತುವನ್ನು ಉಂಟುಮಾಡುವುವು. ಅನಂತರದ ಶಾಖ ಬ್ಯಾಕ್ಟೀರಿಯಗಳನ್ನು ಕೊಲ್ಲುವುದೇ ಹೊರತು ಹಿಸ್ಟಮೀನನ್ನು ನಾಶಮಾಡದು. ಡಬ್ಬಿಯ ಮೀನು ನಾಲಗೆಗೆ ಮೆಣಸಿನಂತೆ ಚುರುಗುಟ್ಟಿದರೆ ಕೂಡಲೆ ತಿನ್ನುವುದನ್ನು ನಿಲ್ಲಿಸಬೇಕು. ಮುಖ ಕೆಂಪೇರುವುದು, ತಲೆನೋವು, ಮೈ ತುರಿಕೆ ಇದರ ಲಕ್ಷಣಗಳು.

ತಂಪಿನ ಕಾವಲು

ಇನ್ನು ತಂಪು ಪೆಟ್ಟಿಗೆಯ ಕಡೆಗೆ ಬರೋಣ. ಅಲ್ಲಿರುವ ಹೊಗೆಯಾಡಿಸಿದ ಸಾಲ್ಮನ್ ನಿರ್ವಾತ ಮಾಡಿದ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕುಳಿತಿರುವುದನ್ನು ಕಂಡು, ಇದೂ ಡಬ್ಬಿಯಂತೆಯೇ ಭದ್ರವೆಂದು ಅನೇಕರು ಭಾವಿಸುವರು. ಇದು ಅಪಾಯಕರವಾದ ಭ್ರಮೆ. ಗಾಳಿಯನ್ನು ತೆಗೆಯುವುದರಿಂದ ಕೊಬ್ಬು ಕಮಟುವುದು ತಪ್ಪುವುದು, ಕೆಲವು ಬ್ಯಾಕ್ಟೀರಿಯಗಳು ಹಿಂಜರಿಯುವುವು. ಆದರೆ ಗಾಳಿಯಿಲ್ಲದ ಕಡೆಯನ್ನೇ ಬಯಸುವ ಬಾಟ್ಯುಲಿನಂಗೆ ಅದು ಅನುಕೂಲವೇ ಆಗುವುದು. ಆ ಪೊಟ್ಟಣವನ್ನು ನಿಜವಾಗಿ ಕಾಯುತ್ತಿರುವುದು ತಂಪು. ಅದರೊಡನೆ ಮೀನಿಗೆ ಹಚ್ಚಿದ ಉಪ್ಪು.

೧೯೬೩ರಲ್ಲಿ ಅಮೆರಿಕದಲ್ಲಿ ನಡೆದ ದುರಂತ ಇದಕ್ಕೆ ಸಾಕ್ಷಿ. ಅಲ್ಲಿನ ಮಹಾಸರೋವರಗಳ ಮೀನನ್ನು ಹೊಗೆಯಾಡಿಸಿ, ನಿರ್ವಾತ ಚೀಲಗಳಲ್ಲಿ ತುಂಬಿ, ತಂಪಿನ ವ್ಯವಸ್ಥೆಯಿಲ್ಲದೆ ದಕ್ಷಿಣದ ರಾಜ್ಯಗಳಿಗೆ ಸಾಗಿಸಿದ್ದರು. ಅದನ್ನು ಕೊಂಡು ತಿಂದವರಲ್ಲಿ ಹಲವರು ಬಾಟ್ಯುಲಿನಂ ವಿಷದಿಂದ ಕಾಯಿಲೆ ಬಿದ್ದರು, ಕೆಲವರು ಸತ್ತರು. ಮೀನಿನಲ್ಲಿ ಹೆಚ್ಚಾಗಿ ಕಾಣುವ ಈ ಜೀವಿಯ ‘ಇ’ ಬಗೆ ಸುಮಾರು ೩ ಡಿಗ್ರಿಯಷ್ಟು ತಂಪಿನಲ್ಲಿಯೂ ನಿಧಾನವಾಗಿ ಬೆಳೆಯಬಲ್ಲುದು. ತಂಪಿನ ಜೊತೆಗೆ ಉಪ್ಪನ್ನೂ ಎರಡನೆಯ ಕಾವಲಾಗಿ ನಿಲ್ಲಿಸುವುದು ಇದಕ್ಕಾಗಿಯೇ.

ಹೊಗೆಯಾಡಿಸುವುದರಲ್ಲಿ ಎರಡು ವಿಧಗಳಿವೆ. ಬಿಸಿ ಹೊಗೆಯಲ್ಲಿ ಮೀನಿನ ಒಳಭಾಗ ೬೦ ಡಿಗ್ರಿಯನ್ನು ಮೀರಿ ಕಾಯುವುದರಿಂದ ಅದು ಬೆಂದಿರುವುದು. ಕೈಯಿಂದ ಮುರಿದರೆ ಎಸಳೆಸಳಾಗಿ ಬಿಡುವುದು. ತಣ್ಣನೆಯ ಹೊಗೆಯಲ್ಲಿ ಉಷ್ಣತೆ ಸುಮಾರು ೩೦ ಡಿಗ್ರಿಯನ್ನು ದಾಟದು. ಆ ಮೀನು ರೇಷ್ಮೆಯಂತೆ ನುಣುಪಾಗಿ, ಹಸಿಯಾಗಿಯೇ ಇರುವುದು. ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯ ಇಂಥ ಹಸಿ ಮೀನಿನಲ್ಲಿದ್ದರೆ ರೆಫ್ರಿಜರೇಟರಿನ ತಂಪಿನಲ್ಲಿಯೂ ಅದು ವೃದ್ಧಿಯಾಗುವುದು. ಆರೋಗ್ಯವಂತರಾದ ಯುವಕರಿಗೆ ಇದರಿಂದ ಭಯ ಕಡಮೆ. ಆದರೆ ಗರ್ಭಿಣಿಯರಲ್ಲಿ ಇದು ಗರ್ಭಪಾತಕ್ಕೆ ಕಾರಣವಾಗಬಹುದು; ವೃದ್ಧರಿಗೂ ದುರ್ಬಲರಿಗೂ ಪ್ರಾಣಾಂತಿಕವಾಗಬಹುದು. ಅಂಥವರು ಮನೆಯಲ್ಲಿದ್ದರೆ ತಣ್ಣನೆಯ ಹೊಗೆಯ ಮೀನನ್ನು ಚೆನ್ನಾಗಿ ಬೇಯಿಸಿಯೇ ಬಡಿಸಬೇಕು, ಇಲ್ಲವೆ ಅದನ್ನು ತರಲೇಬಾರದು.

ತಂಪಿನ ಕಾವಲಿನಲ್ಲಿರುವ ಮೀನನ್ನು ಕೊಳ್ಳುವವನು ಅಂಗಡಿಯಿಂದ ಮನೆಯವರೆಗಿನ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಳಿದ ಸಾಮಾನುಗಳನ್ನೆಲ್ಲ ಆರಿಸಿದ ಮೇಲೆ ಕೊನೆಯದಾಗಿ ಇದನ್ನು ಎತ್ತಿಕೊಳ್ಳಬೇಕು. ಬಸ್ಸಿನಲ್ಲಿ ಎರಡು ಗಂಟೆ ಸೆಕೆಯಲ್ಲಿ ಪಯಣಿಸಬೇಕಾಗಿದ್ದರೆ ಕೊಳ್ಳದಿರುವುದೇ ಲೇಸು. ಕೋಣೆಯಲ್ಲಿ ರೆಫ್ರಿಜರೇಟರ್ ಇಲ್ಲದ ವಿದ್ಯಾರ್ಥಿಗೆ ಈ ಜಾತಿಯ ಮೀನು ತಕ್ಕುದಲ್ಲ.

ಉಪ್ಪು ಮತ್ತು ಹುಳಿ

ಮೂರನೆಯ ಉಪಾಯ ಸೂಕ್ಷ್ಮಜೀವಿಗಳಿಗೆ ನೀರು ಸಿಗದಂತೆ ಮಾಡುವುದು. ನಮ್ಮ ಕರಾವಳಿಯವರು ಮಳೆಗಾಲಕ್ಕೆಂದು ಮೀನಿಗೆ ಉಪ್ಪು ಹಾಕಿ ಬಿಸಿಲಿನಲ್ಲಿ ಒಣಗಿಸಿಡುವುದು ಇದೇ ತತ್ತ್ವದಿಂದ. ಶುದ್ಧ ನೀರಿನ ಆವಿಯ ಒತ್ತಡವನ್ನು ಒಂದು ಎಂದು ಹಿಡಿದರೆ, ಉಪ್ಪು ಇನ್ನು ಕರಗದಷ್ಟು ತುಂಬಿರುವ ನೀರಿನದು ಸುಮಾರು ೦.೭೫ ಮಾತ್ರ. ಈ ನಿಷ್ಪತ್ತಿಯನ್ನು ನೀರಿನ ಪಟುತ್ವವೆಂದು ಕರೆಯಬಹುದು. ಪಟುತ್ವ ೦.೯೩ರಷ್ಟಕ್ಕೆ ಇಳಿದರೆ ಬಾಟ್ಯುಲಿನಂ ಬೆಳೆಯಲಾರದು, ೦.೯೦ಕ್ಕಿಂತ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಗಳೆಲ್ಲ ಸ್ತಬ್ಧವಾಗುವುವು. ಮೀನಿನಲ್ಲಿ ನೀರಿದ್ದರೂ ಅದು ಅವುಗಳ ಪಾಲಿಗೆ ಇಲ್ಲದಂತೆಯೇ. ಒಣ ಸಿಗಡಿಯ ಚಟ್ನಿಪುಡಿಯನ್ನು ಕಾಯುತ್ತಿರುವುದು ಈ ಶುಷ್ಕತೆ. ಅದನ್ನು ಒದ್ದೆ ಚಮಚದಿಂದ ತೆಗೆದರೆ ನಾವೇ ಕಾವಲುಗಾರನನ್ನು ಓಡಿಸಿದಂತೆ.

ನಾಲ್ಕನೆಯದು ಹುಳಿ. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ ೪.೬ಕ್ಕಿಂತ ಕೆಳಗೆ ಬಾಟ್ಯುಲಿನಂ ಬೀಜಾಣುಗಳು ಮೊಳೆತು ಬೆಳೆಯಲಾರವು. ಉತ್ತರ ಯೂರೋಪಿನವರು ಹೆರಿಂಗ್ ಮೀನನ್ನು ವಿನೆಗರಿನಲ್ಲಿ ಹಾಕಿಡುವುದೂ, ನಮ್ಮವರು ಮೀನಿನ ಉಪ್ಪಿನಕಾಯಿಗೆ ವಿನೆಗರ್ ಹೊಯ್ಯುವುದೂ ಇದರಿಂದಲೇ. ಇಲ್ಲಿ ಹುಳಿಯೊಡನೆ ಉಪ್ಪೂ ಎಣ್ಣೆಯೂ ಧಾರಾಳವಾಗಿರುವುದರಿಂದ, ಈ ಬಗೆಯ ಮೀನನ್ನು ನಂಜಿಕೊಳ್ಳುವ ಪದಾರ್ಥವಾಗಿ ಬಳಸಬೇಕೇ ಹೊರತು ಊಟದ ಮುಖ್ಯ ಭಾಗವಾಗಿ ಅಲ್ಲ. ಸೀಸೆಯನ್ನು ಬಿಚ್ಚಿದ ಮೇಲೆ ತಂಪಿನಲ್ಲಿಡಬೇಕೆಂದು ಚೀಟಿಯ ಮೇಲೆ ಬರೆದಿದ್ದರೆ ಹಾಗೆಯೇ ಇಡಬೇಕು.

ಆರೋಗ್ಯಕ್ಕೆ ಒಳ್ಳೆಯದು ಯಾವುದು?

ಮೀನು ಕೆಟ್ಟಿಲ್ಲವೆಂದು ಖಚಿತವಾದ ಮೇಲೆ ಅದರ ಗುಣವನ್ನು ವಿಚಾರಿಸಬೇಕು. ಮೀನಿನಲ್ಲಿ ಒಳ್ಳೆಯ ಸಸಾರಜನಕವುಂಟು. ಅದರ ಕೊಬ್ಬಿನಲ್ಲಿ ಒಮೇಗ-ಮೂರು ಎಂಬ ಜಾತಿಯ ಮೇದಾಮ್ಲಗಳುಂಟು. ಇವು ಮಿದುಳಿನ ಮತ್ತು ಕಣ್ಣಿನ ಬೆಳವಣಿಗೆಗೆ ಬೇಕಾದುವು, ಹೃದಯಕ್ಕೂ ಹಿತವಾದುವು. ವಾರಕ್ಕೆ ಎರಡು ಬಾರಿ ಮೀನನ್ನು, ಅದರಲ್ಲಿಯೂ ಕೊಬ್ಬುಳ್ಳ ಮೀನನ್ನು, ತಿನ್ನುವುದು ಒಳ್ಳೆಯದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. ೧೦೦ ಗ್ರಾಂ ಡಬ್ಬಿ ಸಾರ್ಡೀನಿನಲ್ಲಿ ಈ ಆಮ್ಲಗಳು ಸುಮಾರು ಒಂದು ಗ್ರಾಂ ಇರುವುವು. ನೀರಿನಲ್ಲಿ ತುಂಬಿದ ಸಾಮಾನ್ಯ ಟ್ಯೂನದಲ್ಲಿ ಸುಮಾರು ಕಾಲು ಗ್ರಾಂ.

ಸಾರ್ಡೀನಿಗೆ ಮತ್ತೊಂದು ಹಿರಿಮೆಯಿದೆ. ರಿಟಾರ್ಟಿನ ಶಾಖದಲ್ಲಿ ಅದರ ಮುಳ್ಳುಗಳನ್ನು ಬಿಗಿದಿರುವ ಕೊಲಾಜನ್ ಕರಗುವುದರಿಂದ ಮುಳ್ಳು ಬೆರಳಿನಲ್ಲಿ ಹಿಚುಕಿದರೆ ಪುಡಿಯಾಗುವಷ್ಟು ಮೆತ್ತಗಾಗುವುದು. ಮುಳ್ಳುಸಹಿತವಾಗಿ ತಿಂದ ೧೦೦ ಗ್ರಾಂ ಸಾರ್ಡೀನಿನಿಂದ ಸುಮಾರು ೩೮೦ ಮಿಲಿಗ್ರಾಂ ಕ್ಯಾಲ್ಸಿಯಂ ದೊರೆಯುವುದು. ಅಷ್ಟೇ ತೂಕದ ಹಾಲಿನಲ್ಲಿರುವುದು ಸುಮಾರು ೧೨೦ ಮಿಲಿಗ್ರಾಂ.

ಇನ್ನು ಪಾದರಸದ ಮಾತು. ಜಪಾನಿನ ಮಿನಮಾತದಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನುಗಳ ಮೂಲಕ ಜನರ ಮೈ ಸೇರಿ, ಅವರ ನರಮಂಡಲವನ್ನು ಹಾಳುಮಾಡಿದ ಕಥೆ ೧೯೫೬ರಲ್ಲಿ ಬೆಳಕಿಗೆ ಬಂದಿತು. ಸಮುದ್ರದ ನೀರಿನಲ್ಲಿ ಪಾದರಸ ಎಲ್ಲೆಡೆಯೂ ಅತ್ಯಲ್ಪವಾಗಿದೆ. ಸೂಕ್ಷ್ಮ ಸಸ್ಯಗಳಿಂದ ಸಣ್ಣ ಜೀವಿಗಳಿಗೆ, ಅವುಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸಾಗುತ್ತ ಅದು ಪ್ರತಿ ಮೆಟ್ಟಿಲಿನಲ್ಲಿಯೂ ಸಾಂದ್ರವಾಗುವುದು. ಆದುದರಿಂದ ಬಹುಕಾಲ ಬದುಕಿ ಇತರ ಮೀನುಗಳನ್ನು ತಿನ್ನುವ ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚು. ಅಲ್ಪಾಯುವಾದ ಸಣ್ಣ ಮೀನಿನಲ್ಲಿ ಕಡಮೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಅಳೆದಿರುವ ಸರಾಸರಿಗಳಂತೆ ಹತ್ತು ಲಕ್ಷ ಭಾಗ ಮೀನಿನಲ್ಲಿರುವ ಪಾದರಸದ ಭಾಗಗಳು ಹೀಗಿವೆ: ಸಾರ್ಡೀನ್ ೦.೦೧೩; ಡಬ್ಬಿಯ ಸಾಲ್ಮನ್ ೦.೦೧೪, ‘ಲೈಟ್’ ಎಂದು ಬರೆದಿರುವ ಡಬ್ಬಿಯ ಟ್ಯೂನ ೦.೧೨೬, ಆಲ್ಬಕೋರ್ ಎಂಬ ಬಿಳಿಮಾಂಸದ ಟ್ಯೂನ ೦.೩೫೦. ಎಂದರೆ ಆಲ್ಬಕೋರಿನಲ್ಲಿ ಸಾರ್ಡೀನಿನ ೨೭ರಷ್ಟು ಪಾದರಸವಿದೆ. ವಯಸ್ಕರು ಆಗೊಮ್ಮೆ ಈಗೊಮ್ಮೆ ತಿಂದರೆ ಇದರಿಂದ ಬಾಧೆಯಿಲ್ಲ. ಗರ್ಭಿಣಿಯರೂ ಮಕ್ಕಳೂ ಆಲ್ಬಕೋರನ್ನು ವಾರಕ್ಕೊಮ್ಮೆಗಿಂತ ಹೆಚ್ಚು ತಿನ್ನಬಾರದೆಂದು ಆ ಇಲಾಖೆಯ ಸಲಹೆ; ಮೀನನ್ನೇ ಬಿಡಬೇಕೆಂದು ಅದು ಹೇಳುವುದಿಲ್ಲ, ಪಾದರಸ ಕಡಮೆಯಿರುವ ಮೀನನ್ನು ಆರಿಸಿ ತಿನ್ನಬೇಕೆಂದು ಹೇಳುತ್ತದೆ.

ಮೀನನ್ನು ಯಾವುದರಲ್ಲಿ ಮುಳುಗಿಸಿದ್ದಾರೆಂಬುದನ್ನೂ ನೋಡಬೇಕು. ಮೀನಿನ ಮೇದಾಮ್ಲಗಳು ಎಣ್ಣೆಯಲ್ಲಿ ಬೆರೆಯುವುವು, ನೀರಿನಲ್ಲಿ ಬೆರೆಯವು. ಎಣ್ಣೆಯ ಡಬ್ಬಿಯಿಂದ ಎಣ್ಣೆಯನ್ನು ಬಸಿದು ಚೆಲ್ಲಿದರೆ ಅವುಗಳಲ್ಲಿ ಸ್ವಲ್ಪ ಭಾಗ ಅದರೊಡನೆ ಹೋಗುವುದು. ನೀರಿನ ಡಬ್ಬಿಯಲ್ಲಿ ಈ ನಷ್ಟ ಇಲ್ಲವೆನ್ನುವಷ್ಟು ಕಡಮೆ. ಉಪ್ಪಿನ ಲೆಕ್ಕಕ್ಕೆ ಚೀಟಿಯಲ್ಲಿರುವ ಸೋಡಿಯಂ ಅಂಕೆಯನ್ನು ಎರಡೂವರೆಯಿಂದ ಗುಣಿಸಬೇಕು. ೧೦೦ ಗ್ರಾಂ ಮೀನಿನಲ್ಲಿ ೪೦೦ ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು ಒಂದು ಗ್ರಾಂ ಉಪ್ಪು. ದಿನಕ್ಕೆ ಐದು ಗ್ರಾಂ ಉಪ್ಪನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ವಿಧಿಸಿದೆ. ಹೊಗೆಯಾಡಿಸಿದ ಸಾಲ್ಮನ್ನಿನ ೧೦೦ ಗ್ರಾಮಿನಲ್ಲಿಯೇ ಸುಮಾರು ಮೂರು ಗ್ರಾಂ ಉಪ್ಪಿರುವುದುಂಟು. ಡಬ್ಬಿಯ ಒಟ್ಟು ತೂಕದ ಪಕ್ಕದಲ್ಲಿ ದ್ರವ ಬಸಿದ ಮೇಲಿನ ತೂಕವನ್ನೂ ಮುದ್ರಿಸಿದ್ದರೆ, ಬೆಲೆಯನ್ನು ಹೋಲಿಸುವಾಗ ಆ ಎರಡನೆಯ ಅಂಕೆಯನ್ನೇ ಹಿಡಿಯಬೇಕು. ಇಲ್ಲದಿದ್ದರೆ ನೀರಿಗೂ ಮೀನಿನ ಬೆಲೆ ತೆತ್ತಂತಾಗುವುದು.

ಒಟ್ಟಿನಲ್ಲಿ

ಇಷ್ಟೆಲ್ಲವನ್ನೂ ಕೂಡಿಸಿ ನೋಡಿದರೆ, ಒಂಟಿಯಾಗಿರುವ ವಿದ್ಯಾರ್ಥಿಗೆ ಅನುಕೂಲವೂ ಆರೋಗ್ಯಕರವೂ ಆದುದು ಸಾರ್ಡೀನ್ ಅಥವಾ ಬಂಗುಡೆಯ ಸಣ್ಣ ಡಬ್ಬಿ. ಅದಕ್ಕೆ ತಂಪು ಬೇಡ, ಪಾದರಸ ಅತ್ಯಲ್ಪ, ಒಮೇಗ-ಮೂರು ಸಮೃದ್ಧ. ಒಂದೇ ಊಟಕ್ಕೆ ಮುಗಿಯುವಷ್ಟು ಚಿಕ್ಕ ಡಬ್ಬಿಯನ್ನು ಕೊಂಡರೆ ಉಳಿಸಿಡುವ ಚಿಂತೆಯೂ ಇಲ್ಲ. ಬಿಚ್ಚಿದ ಗಳಿಗೆಯಿಂದ ಡಬ್ಬಿಯ ಕಾವಲು ಮುಗಿಯಿತೆಂದೇ ತಿಳಿಯಬೇಕು. ಉಳಿದುದನ್ನು ಬೇರೆ ಪಾತ್ರೆಗೆ ಹಾಕಿ, ಮುಚ್ಚಿ, ರೆಫ್ರಿಜರೇಟರಿನಲ್ಲಿಟ್ಟು ಒಂದೆರಡು ದಿನಗಳಲ್ಲಿ ಮುಗಿಸಬೇಕು; ರೆಫ್ರಿಜರೇಟರ್ ಇಲ್ಲದವರು ಆಗಲೇ ತಿಂದು ತೀರಿಸಬೇಕು.

ಕೊನೆಯದಾಗಿ ನಮ್ಮ ಕರಾವಳಿಯ ಓದುಗರಿಗೆ ಒಂದು ಮಾತು. ದೂರದೇಶದಿಂದ ಬಂದ ಸಾಲ್ಮನ್ನಿನ ಬೆಲೆಯನ್ನು ನೋಡಿ, ಅದರಲ್ಲಿ ನಮ್ಮ ಮೀನಿನಲ್ಲಿಲ್ಲದ ಸತ್ತ್ವವೇನೋ ಇರಬೇಕೆಂದು ಭಾವಿಸಬೇಕಾಗಿಲ್ಲ. ಮಂಗಳೂರು, ಮಲ್ಪೆಗಳ ದಕ್ಕೆಗಳಲ್ಲಿ ಬುಟ್ಟಿಗಟ್ಟಲೆ ಬಂದಿಳಿಯುವ ಬೂತಾಯಿ ಸಾರ್ಡೀನ್ ಕುಲದ ಮೀನೇ. ಕೊಬ್ಬು ತುಂಬಿರುವುದರಿಂದಲೇ ಅದಕ್ಕೆ ಎಣ್ಣೆ ಸಾರ್ಡೀನ್ ಎಂಬ ಹೆಸರು ಬಂದಿದ್ದು. ಅದು ತಾಜಾ ಸಿಗುವ ಕಡೆ ಡಬ್ಬಿಯ ಹಂಗೇ ಬೇಡ. ಸಿಗದ ಕಡೆಯಲ್ಲಿ ಡಬ್ಬಿಯನ್ನು ಎತ್ತಿಕೊಳ್ಳಿ. ಮುಚ್ಚಳದ ಮೇಲೆ ಬೆರಳಾಡಿಸಿ, ಅಂಚನ್ನು ತಿರುಗಿಸಿ, ಚೀಟಿಯನ್ನು ಓದಿ, ಇದನ್ನು ಕಾಯುತ್ತಿರುವುದು ಯಾವುದೆಂದು ಒಮ್ಮೆ ಕೇಳಿಕೊಂಡು, ಅನಂತರ ಹಣ ಕೊಡಿ.